ಉಪವಾಸ, ಕಷಾಯ ಮತ್ತು ದೇಹದ ಅಂತಃಸ್ರಾವಗಳು

ಅಷ್ಟಮಿಯ ದಿನ ಒಂದೇ ಮನೆಯಲ್ಲಿ ಮೂವರು ಉಪವಾಸ ಕೈಗೊಂಡಿದ್ದಾರೆಂದು ಭಾವಿಸಬಹುದು. ಮನೆಯ ಅಜ್ಜಿ ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕದ ದರ್ಶನ ಮಾಡಿ ಬಂದು, ಸ್ವಾಧ್ಯಾಯದಲ್ಲಿಯೂ ಸಾಮಾಯಿಕದಲ್ಲಿಯೂ ದಿನವನ್ನು ಕಳೆಯುತ್ತಾರೆ. ಸಂಜೆಯ ಹೊತ್ತಿಗೆ ಅವರ ಮುಖದಲ್ಲಿ ಬಳಲಿಕೆಯಿದ್ದರೂ ಮಾತಿನಲ್ಲಿ ಸಮಾಧಾನವಿರುತ್ತದೆ. ಅವರ ಮಗ ಎಂದಿನಂತೆ ಅಂಗಡಿಗೆ ಹೋಗುತ್ತಾನೆ. ಲೆಕ್ಕ ತಾಳೆಯಾಗದೆ ಗುಮಾಸ್ತನ ಮೇಲೆ ಕೂಗಾಡಿ, ಬಾಕಿದಾರನೊಡನೆ ವಾಗ್ವಾದ ನಡೆಸಿ, ಮಧ್ಯಾಹ್ನ ತಲೆನೋವಿನಿಂದ ಮನೆಗೆ ಬಂದು ಮಕ್ಕಳನ್ನು ಗದರುತ್ತಾನೆ. ಮನೆಯ ಯಜಮಾನರಾದ ಅಜ್ಜ ಹಲವು ವರ್ಷಗಳಿಂದ ಮಧುಮೇಹಕ್ಕೆ ಮಾತ್ರೆ ಸೇವಿಸುವವರು. ಅವರು ನೀರನ್ನು ಮಾತ್ರ ಇಟ್ಟುಕೊಂಡು ಉಪವಾಸವಿದ್ದಾರೆ. ವೈದ್ಯರಿಗೆ ತಿಳಿಸಿಲ್ಲ, ಬೆಳಗಿನ ಮಾತ್ರೆಯನ್ನು ಎಂದಿನಂತೆ ನುಂಗಿದ್ದಾರೆ. ಮಧ್ಯಾಹ್ನ ಕಳೆದ ಮೇಲೆ ಬಸದಿಯ ಜಗಲಿಯಲ್ಲಿ ಕುಳಿತಲ್ಲಿಯೇ ಅವರಿಗೆ ಬೆವರು ಕಿತ್ತು, ಕೈ ನಡುಗಿ, ಮಾತು ತಡವರಿಸುತ್ತದೆ. ಸುತ್ತಲಿನವರು ಉಪವಾಸದ ನಿಶ್ಶಕ್ತಿಯೆಂದು ತಿಳಿದು ಗಾಳಿ ಬೀಸುತ್ತಾರೆ.

ಮೂವರೂ ತ್ಯಜಿಸಿದ್ದು ಅನ್ನವನ್ನೇ. ಆದರೂ ಒಬ್ಬರಿಗೆ ಅದು ಶಾಂತಿಯಾಯಿತು, ಒಬ್ಬನಿಗೆ ಕ್ರೋಧವಾಯಿತು, ಇನ್ನೊಬ್ಬರಿಗೆ ಪ್ರಾಣಸಂಕಟವಾಯಿತು. ಇದಕ್ಕೆ ಕಾರಣವೇನು? ಆಗಮವು ಕಷಾಯಗಳ ಹಾಗೂ ಶಕ್ತಿಯ ಭಾಷೆಯಲ್ಲಿ ಉತ್ತರ ಕೊಡುತ್ತದೆ. ಶರೀರಶಾಸ್ತ್ರವು ಹಾರ್ಮೋನುಗಳ ಭಾಷೆಯಲ್ಲಿ ಉತ್ತರ ಕೊಡುತ್ತದೆ. ಈ ಎರಡು ಉತ್ತರಗಳನ್ನೂ ಜೊತೆಯಾಗಿಟ್ಟು ನೋಡುವುದು ವ್ರತಿಕರಿಗೆ ಉಪಯುಕ್ತವಾದುದು.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಿರಬೇಕು. ಉಪವಾಸವು ಆರೋಗ್ಯಕ್ಕಾಗಿ ವಿಧಿಸಲ್ಪಟ್ಟದ್ದಲ್ಲ. ತಪಸ್ಸಿನ ಫಲ ಸಂವರ ಮತ್ತು ನಿರ್ಜರೆ. ತೂಕ ಇಳಿಸುವುದಾಗಲಿ ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರುವುದಾಗಲಿ ಅದರ ಉದ್ದೇಶವಲ್ಲ. ಹಾಗೆಯೇ, ದೇಹವನ್ನು ಅಜ್ಞಾನದಿಂದ ಕೆಡಿಸಿಕೊಳ್ಳುವುದೂ ತಪಸ್ಸಲ್ಲ. ರತ್ನತ್ರಯ ಸಾಧನೆಗೆ ಉಪಕರಣವಾದ ಈ ಶರೀರದೊಳಗೆ ಏನು ನಡೆಯುತ್ತದೆಂದು ಅರಿತು ನಡೆಯುವುದು ವಿವೇಕವೇ ಆಗಿದೆ.

ಹಾರ್ಮೋನು ಎಂದರೇನು?

ದೇಹದಲ್ಲಿ ಕೆಲವು ಗ್ರಂಥಿಗಳು ತಮ್ಮ ರಸವನ್ನು ನಾಳದ ಮೂಲಕ ಹೊರಬಿಡುತ್ತವೆ. ಬಾಯಿಯ ಲಾಲಾಗ್ರಂಥಿ ಇದಕ್ಕೆ ನಿದರ್ಶನ. ಮತ್ತೆ ಕೆಲವು ನಾಳವಿಲ್ಲದೆ ನೇರವಾಗಿ ರಕ್ತಕ್ಕೇ ರಸವನ್ನು ಸೇರಿಸುತ್ತವೆ. ಇವು ನಿರ್ನಾಳ ಗ್ರಂಥಿಗಳು. ಇವುಗಳ ರಸವೇ ಅಂತಃಸ್ರಾವ ಅಥವಾ ಹಾರ್ಮೋನು. ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞರು 1902ರಲ್ಲಿ ಕರುಳಿನಿಂದ ಹೊರಟು ಮೇದೋಜೀರಕ ಗ್ರಂಥಿಯನ್ನು ಚೋದಿಸುವ ಇಂತಹ ಒಂದು ದ್ರವ್ಯವನ್ನು ಕಂಡುಹಿಡಿದರು. 1905ರಲ್ಲಿ ಸ್ಟಾರ್ಲಿಂಗ್ 'ಹಾರ್ಮೋನ್' ಎಂಬ ಹೆಸರನ್ನು ಬಳಕೆಗೆ ತಂದರು. ಮಿದುಳಿನ ಕೆಳಗಿರುವ ಪಿಟ್ಯುಟರಿ, ಕಂಠದ ಥೈರಾಯ್ಡ್, ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್, ಹೊಟ್ಟೆಯ ಹಿಂಬದಿಯಲ್ಲಿರುವ ಮೇದೋಜೀರಕ ಇವು ಮುಖ್ಯವಾದ ಗ್ರಂಥಿಗಳು. ಹಾರ್ಮೋನಿನ ಪ್ರಮಾಣ ಅತ್ಯಲ್ಪ, ಪರಿಣಾಮ ಮಾತ್ರ ಇಡೀ ದೇಹವನ್ನು ವ್ಯಾಪಿಸುವಂತಹದು. ಆಹಾರವೂ ಮನಸ್ಸಿನ ಸ್ಥಿತಿಯೂ ಇವುಗಳ ಏರಿಳಿತಕ್ಕೆ ಪ್ರಬಲ ಕಾರಣಗಳಾಗಿವೆ.

ಹದಿನಾರು ಪ್ರಹರಗಳ ಒಳಗತೆ

ಉತ್ತಮ ಪ್ರೋಷಧೋಪವಾಸವು ಹದಿನಾರು ಪ್ರಹರಗಳದ್ದು. ಸಪ್ತಮಿಯ ಮಧ್ಯಾಹ್ನ ಏಕಭುಕ್ತ ಮುಗಿಸಿದವರು ನವಮಿಯ ಮಧ್ಯಾಹ್ನ ಪಾರಣೆ ಮಾಡುತ್ತಾರೆ. ಪ್ರಹರಕ್ಕೆ 3 ಗಂಟೆಯಂತೆ ಇದು 48 ಗಂಟೆಗಳಾಗುತ್ತದೆ. ಈ ಅವಧಿಯಲ್ಲಿ ದೇಹ ಹೇಗೆ ನಡೆದುಕೊಳ್ಳುತ್ತದೆ?

ಊಟವಾದೊಡನೆ ಅನ್ನದ ಪಿಷ್ಟವು ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸ್ರವಿಸುತ್ತದೆ. ಇದು ಮನೆಯ ಕಣಜ ತುಂಬಿಸುವ ಯಜಮಾನನಂತೆ. ಸಕ್ಕರೆಯನ್ನು ಜೀವಕೋಶಗಳೊಳಗೆ ಸೇರಿಸಿ, ಉಳಿದುದನ್ನು ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ಆಗಿಯೂ ಬೇರೆಡೆ ಕೊಬ್ಬಾಗಿಯೂ ಕೂಡಿಡುತ್ತದೆ. ನಾಲ್ಕೈದು ಗಂಟೆ ಕಳೆದ ಮೇಲೆ ಇನ್ಸುಲಿನ್ ಇಳಿದು, ಅದೇ ಗ್ರಂಥಿಯ ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ. ಇದು ಕಣಜದ ಬಾಗಿಲು ತೆರೆಯುತ್ತದೆ. ಪಿತ್ತಜನಕಾಂಗ ತನ್ನ ಸಂಗ್ರಹದಿಂದ ರಕ್ತಕ್ಕೆ ಸಕ್ಕರೆ ಒದಗಿಸತೊಡಗುತ್ತದೆ. ಮಿದುಳೊಂದಕ್ಕೇ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಗ್ಲೂಕೋಸ್ ಬೇಕು. ಪಿತ್ತಜನಕಾಂಗದ ಸಂಗ್ರಹವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಒಂದು ದಿನದ ಸುಮಾರಿಗೆ ಅದು ಬಹುಮಟ್ಟಿಗೆ ಬರಿದಾಗುತ್ತದೆ.

ಎರಡನೆಯ ದಿನ ದೇಹವು ಸ್ನಾಯುವಿನ ಸಸಾರಜನಕದಿಂದಲೂ ಕೊಬ್ಬಿನ ಒಂದು ಅಂಶದಿಂದಲೂ ಹೊಸದಾಗಿ ಸಕ್ಕರೆ ತಯಾರಿಸುತ್ತದೆ. ಕೊಬ್ಬು ಕರಗಿ 'ಕೀಟೋನ್'ಗಳೆಂಬ ದ್ರವ್ಯಗಳು ಹುಟ್ಟುತ್ತವೆ. ಉಪವಾಸ ಹಲವು ದಿನ ಮುಂದುವರಿದರೆ ಮಿದುಳು ಇವನ್ನೇ ಮುಖ್ಯ ಇಂಧನವಾಗಿ ಸ್ವೀಕರಿಸುತ್ತದೆ. ಅಮೆರಿಕದ ವೈದ್ಯವಿಜ್ಞಾನಿ ಜಾರ್ಜ್ ಕಾಹಿಲ್ 1960ರ ದಶಕದಲ್ಲಿ ದೀರ್ಘ ಅನಶನದ ಬಗ್ಗೆ ನಡೆಸಿದ ಅಧ್ಯಯನಗಳು ಈ ವ್ಯವಸ್ಥೆಯನ್ನು ತೋರಿಸಿಕೊಟ್ಟವು. ದಿನಗಳು ಕಳೆದಂತೆ ಥೈರಾಯ್ಡಿನ ಕ್ರಿಯಾಶೀಲ ಹಾರ್ಮೋನೂ ತಗ್ಗಿ, ದೇಹ ತನ್ನ ವೆಚ್ಚವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಹೀಗೆ ಆರೋಗ್ಯವಂತ ದೇಹಕ್ಕೆ ಒಂದೆರಡು ದಿನದ ಅನಶನವನ್ನು ತಾಳುವ ಏರ್ಪಾಡು ಸಹಜವಾಗಿಯೇ ಇದೆ. ಆದರೆ ಈ ಏರ್ಪಾಡು ಇನ್ಸುಲಿನ್ ತಾನಾಗಿ ಇಳಿಯುವುದನ್ನು ಅವಲಂಬಿಸಿದೆಯೆಂಬುದನ್ನು ನೆನಪಿಡಬೇಕು. ಮುಂದೆ ಅಜ್ಜನ ಸಂಕಟವನ್ನು ಅರಿಯಲು ಇದೇ ಕೀಲಿಕೈ.

ಹಸಿವು ಅಲೆಯಂತೆ ಬಂದು ಹೋಗುವುದು

ಹಸಿವು ಕ್ಷಣಕ್ಷಣಕ್ಕೂ ಏರುತ್ತಲೇ ಹೋಗುವುದೆಂಬುದು ಸಾಮಾನ್ಯರ ಭಾವನೆ. ವಸ್ತುಸ್ಥಿತಿ ಹಾಗಿಲ್ಲ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವ ಅವರು ಜಠರದಲ್ಲಿ ಹುಟ್ಟುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನನ್ನು ಗುರುತಿಸಿದರು. ಇದು ರೂಢಿಯ ಊಟದ ಹೊತ್ತಿಗೆ ಏರುತ್ತದೆ. ಉಣ್ಣದಿದ್ದರೂ ಸ್ವಲ್ಪ ಸಮಯದಲ್ಲಿ ತಾನಾಗಿ ಇಳಿಯುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಉಣ್ಣುವವನಿಗೆ ಹನ್ನೆರಡಕ್ಕೆ ತೀವ್ರವಾಗಿ ಹಸಿದು, ಎರಡರ ವೇಳೆಗೆ ಹಸಿವು ಮರೆತುಹೋಗುವುದು ಇದರಿಂದಲೇ. ಆ ಹೊತ್ತಿನಲ್ಲಿ ಅಡಿಗೆಮನೆಯ ಬಳಿ ಸುಳಿಯದೆ ಜಪದಲ್ಲೋ ಗ್ರಂಥಪಠನದಲ್ಲೋ ಕುಳಿತವರಿಗೆ ಅಲೆ ದಾಟುವುದು ಸುಲಭ. ಉಪವಾಸದ ದಿನವನ್ನು ಧರ್ಮಶ್ರವಣದಲ್ಲಿಯೂ ಜ್ಞಾನಧ್ಯಾನಗಳಲ್ಲಿಯೂ ಆಲಸ್ಯವಿಲ್ಲದೆ ಕಳೆಯಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿರುವುದು ಇಲ್ಲಿ ಸ್ಮರಣೀಯ.

ಹೊಟ್ಟೆ ತುಂಬಿತೆಂಬ ಸೂಚನೆ ಮಿದುಳಿಗೆ ಮುಟ್ಟಲು ಸ್ವಲ್ಪ ಕಾಲ ಬೇಕು. ಅವಸರದಲ್ಲಿ ಉಣ್ಣುವವನು ಆ ಸೂಚನೆ ಬರುವ ಮೊದಲೇ ಮಿತಿಮೀರಿರುತ್ತಾನೆ. ಹೊಟ್ಟೆಗೆ ತುಸು ಕಡಿಮೆ ಉಣ್ಣುವ ಅವಮೌದರ್ಯವನ್ನು ಬಾಹ್ಯ ತಪಸ್ಸುಗಳಲ್ಲಿ ಅನಶನದ ಜೊತೆಯಲ್ಲಿಯೇ ಹೇಳಿದೆ. ನಾಳೆ ಉಪವಾಸವೆಂದು ಇಂದು ಹೋಳಿಗೆ, ಕರಿದ ತಿಂಡಿಗಳನ್ನು ಕಂಠಪೂರ್ತಿ ತಿನ್ನುವವರು ಧಾರಣೆಯ ದಿನದ ಏಕಭುಕ್ತದ ಆಶಯಕ್ಕೆ ವಿರುದ್ಧವಾಗಿ ನಡೆಯುತ್ತಾರೆ. ಅಪಾರ ಸಿಹಿಗೆ ಇನ್ಸುಲಿನ್ನೂ ಅಪಾರವಾಗಿ ಏರಬೇಕಾಗುವುದರಿಂದ ದೇಹಕ್ಕೂ ಅದು ಹಿತವಲ್ಲ.

ಕ್ರೋಧವು ದೇಹದಲ್ಲಿ ಮಾಡುವ ಕೆಲಸ

ಈಗ ಅಂಗಡಿಯ ಮಗನ ವಿಚಾರ. ಕೋಪ ಬಂದಾಗ ಅಥವಾ ಭಯವಾದಾಗ ಅಡ್ರಿನಲ್ ಗ್ರಂಥಿಯ ಒಳಭಾಗದಿಂದ ಅಡ್ರಿನಲಿನ್ ಚಿಮ್ಮುತ್ತದೆ. ಎದೆಬಡಿತ ತೀವ್ರವಾಗುತ್ತದೆ, ರಕ್ತದೊತ್ತಡ ಏರುತ್ತದೆ, ಜೀರ್ಣಕ್ರಿಯೆ ಸ್ತಬ್ಧವಾಗುತ್ತದೆ, ಪಿತ್ತಜನಕಾಂಗವು ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಕಾದಾಡಲು ಅಥವಾ ಓಡಿಹೋಗಲು ದೇಹ ಹೀಗೆ ಸಿದ್ಧವಾಗುವುದನ್ನು ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ನೋವು, ಹಸಿವು, ಭಯ, ಕ್ರೋಧ ಈ ನಾಲ್ಕರಲ್ಲಿ ದೇಹ ಪಡೆಯುವ ವಿಕಾರಗಳೇ ಆ ಗ್ರಂಥದ ವಿಷಯ.

ಒತ್ತಡ ಮುಂದುವರಿದಾಗ ಪಿಟ್ಯುಟರಿಯ ಆಜ್ಞೆಯಂತೆ ಅಡ್ರಿನಲ್‌ನ ಹೊರಭಾಗದಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ. 1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ, ಪೀಡೆ ಯಾವುದೇ ಆಗಿರಲಿ ದೇಹದ ಪ್ರತಿಕ್ರಿಯೆ ಒಂದೇ ಬಗೆಯದೆಂದು ಪ್ರಕಟಿಸಿದರು: ಅಡ್ರಿನಲ್ ಹಿಗ್ಗುತ್ತದೆ, ರೋಗನಿರೋಧಕ್ಕೆ ಸಂಬಂಧಿಸಿದ ಥೈಮಸ್ ಗ್ರಂಥಿ ಕುಗ್ಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ. ಈ ಜ್ಞಾನ ಇಲಿಗಳಿಗೆ ಹಿಂಸೆ ಕೊಟ್ಟು ಪಡೆದದ್ದೆಂಬುದು ಅಹಿಂಸಾಧರ್ಮಿಗಳಿಗೆ ವ್ಯಥೆಯ ಸಂಗತಿ. ಕಾರ್ಟಿಸಾಲ್ ಶತ್ರುವಲ್ಲ, ಬೆಳಗಿನ ಜಾವ ಏರಿ ಮನುಷ್ಯನನ್ನು ಎಚ್ಚರಗೊಳಿಸುವುದೂ, ಉಪವಾಸದಲ್ಲಿ ರಕ್ತದ ಸಕ್ಕರೆ ಕುಸಿಯದಂತೆ ಕಾಯುವುದೂ ಅದರ ಕೆಲಸವೇ. ಆದರೆ ತಿಂಗಳುಗಟ್ಟಲೆ ಅದು ಏರಿಯೇ ಇದ್ದರೆ ರಕ್ತದ ಸಕ್ಕರೆ ಮತ್ತು ಒತ್ತಡ ಹೆಚ್ಚುತ್ತವೆ, ಸ್ನಾಯು ಸವೆಯುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ನಿದ್ರೆ ಕೆಡುತ್ತದೆ, ರೋಗನಿರೋಧಕ ಶಕ್ತಿ ಕುಂದುತ್ತದೆ.

ಉಪವಾಸವೂ ದೇಹದ ಮಟ್ಟಿಗೆ ಒಂದು ಒತ್ತಡವೇ ಆಗಿದೆ. ಅದರ ಮೇಲೆ ಕ್ರೋಧವನ್ನೂ ಹೇರಿದವನು ಒಂದೇ ಎತ್ತಿನ ಹೆಗಲಿಗೆ ಎರಡು ನೊಗ ಕಟ್ಟಿದಂತಾಗುತ್ತದೆ. ಅನ್ನ ಬಿಟ್ಟಿದ್ದರಿಂದ ಕ್ರೋಧ, ಮಾನ, ಮಾಯೆ, ಲೋಭಗಳು ತಾವಾಗಿ ಬಿಟ್ಟುಹೋಗುವುದಿಲ್ಲ. ಎಚ್ಚರವಿಲ್ಲದಿದ್ದರೆ ಹಸಿವು ಅವನ್ನು ಕೆರಳಿಸಲೂಬಹುದು.

ಇದಕ್ಕೆ ಒಂದು ಮನಮುಟ್ಟುವ ನಿದರ್ಶನವಿದೆ. 1944ರ ನವೆಂಬರಿನಿಂದ 1945ರ ಡಿಸೆಂಬರಿನವರೆಗೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಸ್ವಯಂಸೇವಕರ ಮೇಲೆ ಹಸಿವಿನ ಅಧ್ಯಯನ ನಡೆಸಿದರು. ಆ ತರುಣರು ಕೊಲ್ಲಲೊಪ್ಪದೆ ಯುದ್ಧಕ್ಕೆ ಹೋಗಲು ನಿರಾಕರಿಸಿದವರು. ಯುದ್ಧದಲ್ಲಿ ಹಸಿದವರ ಪುನರ್ವಸತಿಗೆ ನೆರವಾಗಲೆಂದು ತಾವಾಗಿ ಮುಂದೆ ಬಂದವರು. 6 ತಿಂಗಳ ಅರೆಹೊಟ್ಟೆಯಲ್ಲಿ ಅವರ ದೇಹತೂಕದ ಸುಮಾರು ಕಾಲು ಭಾಗ ಇಳಿಯಿತು. ಸಿಡುಕು, ಖಿನ್ನತೆ ಆವರಿಸಿದವು. ಹಗಲಿರುಳೂ ಅನ್ನದ ಚಿಂತೆಯೇ ಆಯಿತು. ಕೆಲವರು ಅಡಿಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ಅಂತಹ ಸತ್ಪುರುಷರನ್ನೂ ಹಸಿವು ಹೀಗೆ ಅಲುಗಿಸಿತು. ಆದುದರಿಂದ ಉಪವಾಸದಲ್ಲಿ ಮನಸ್ಸನ್ನು ಕಾಯುವುದು ತಾನಾಗಿ ಆಗುವ ಕಾರ್ಯವಲ್ಲ. ಅದಕ್ಕೆ ಬೇರೆಯೇ ಪ್ರಯತ್ನ ಬೇಕು.

ಆಚಾರ್ಯರು ಇದನ್ನು ಬಹಳ ಹಿಂದೆಯೇ ಕಂಡಿದ್ದರು. ತತ್ತ್ವಾರ್ಥಸೂತ್ರವು ಪ್ರೋಷಧೋಪವಾಸಕ್ಕೆ ಹೇಳುವ ಐದು ಅತಿಚಾರಗಳಲ್ಲಿ 'ಅನಾದರ'ವೂ ಒಂದು. ಹಸಿವಿನಿಂದ ಪೀಡಿತನಾಗಿ ಆವಶ್ಯಕ ಕ್ರಿಯೆಗಳಲ್ಲಿ ಉತ್ಸಾಹ ಕಳೆದುಕೊಳ್ಳುವುದೇ ಅನಾದರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಹೊಟ್ಟೆ ಖಾಲಿಯಾಗಿದ್ದು ಮನಸ್ಸು ಧರ್ಮದಿಂದ ಜಾರಿದ್ದರೆ ಅದು ವ್ರತದ ಪೂರ್ತಿಯಲ್ಲ, ವ್ರತದ ದೋಷ. ಆರಂಭವನ್ನು, ಅಂದರೆ ವ್ಯಾಪಾರ ವ್ಯವಹಾರಗಳನ್ನು, ಅಂದು ಬಿಡಬೇಕೆಂಬ ವಿಧಿಯನ್ನು ಪಾಲಿಸಿದ್ದರೆ ಮಗನ ತಲೆನೋವು ಬಹುಶಃ ಹತ್ತಿರ ಸುಳಿಯುತ್ತಿರಲಿಲ್ಲ.

ಸೂರ್ಯಾಸ್ತ ಮತ್ತು ನಿದ್ರೆ

ರಾತ್ರಿಭೋಜನ ತ್ಯಾಗದ ಮೂಲ ಜೀವದಯೆ. ಕತ್ತಲಲ್ಲಿ ಸೂಕ್ಷ್ಮಜೀವಿಗಳ ಘಾತ ತಪ್ಪದೆಂಬುದೇ ಅದರ ಕಾರಣ. ಅದರೊಡನೆ ದೇಹಕ್ಕೂ ಒಂದು ಲಾಭವಿದೆ. ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ. ಅದು ದೇಹವನ್ನು ನಿದ್ರೆಗೆ ಸಜ್ಜುಗೊಳಿಸುತ್ತದೆ. ಆ ಹೊತ್ತಿನಲ್ಲಿ ದೇಹ ಸಕ್ಕರೆಯನ್ನು ನಿಭಾಯಿಸುವ ಸಾಮರ್ಥ್ಯ ಕಡಿಮೆ. ಒಂದೇ ಅಳತೆಯ ಊಟವನ್ನು ಬೆಳಿಗ್ಗೆ ಉಂಡಾಗ ಏರುವುದಕ್ಕಿಂತ ರಾತ್ರಿ ಉಂಡಾಗ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ.

ನಿದ್ರೆಗೆಟ್ಟರೂ ಇದೇ ಗತಿ. ಷಿಕಾಗೋದಲ್ಲಿ ಆರೋಗ್ಯವಂತ ತರುಣರು 6 ರಾತ್ರಿ ನಾಲ್ಕೇ ಗಂಟೆ ಮಲಗಿದಾಗ ಅವರ ಸಕ್ಕರೆ ನಿಭಾಯಿಸುವ ಶಕ್ತಿ ಕುಗ್ಗಿ, ಸಂಜೆಯ ಕಾರ್ಟಿಸಾಲ್ ಏರಿದ್ದು 1999ರಲ್ಲಿ ಪ್ರಕಟವಾಯಿತು. ಸೂರ್ಯಾಸ್ತದ ಮೊದಲೇ ಉಂಡು, ಪ್ರತಿಕ್ರಮಣ ಮುಗಿಸಿ, ಹೊತ್ತಿಗೆ ಮಲಗುವ ಹಿರಿಯರ ದಿನಚರಿಯನ್ನು ಮಕ್ಕಳಿಗೂ ರೂಢಿಸುವುದು ಲೇಸು.

ಶಕ್ತಿಯನ್ನರಿತು ತಪಸ್ಸು

ಇನ್ನು ಅಜ್ಜನ ಸಂಗತಿ. ಮಧುಮೇಹದ ಕೆಲವು ಮಾತ್ರೆಗಳು ಮೇದೋಜೀರಕವನ್ನು ಚೋದಿಸಿ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತವೆ. ಇನ್ಸುಲಿನ್ ಚುಚ್ಚುಮದ್ದು ನೇರವಾಗಿಯೇ ಆ ಕೆಲಸ ಮಾಡುತ್ತದೆ. ಅನ್ನವಿಲ್ಲದ ದಿನ ಇನ್ಸುಲಿನ್ ಇಳಿಯಬೇಕಾದಲ್ಲಿ ಔಷಧವು ಅದನ್ನು ಏರಿಸುತ್ತದೆ. ಕಣಜ ಬರಿದಾಗುವಾಗಲೇ ಬಾಗಿಲು ಮುಚ್ಚಿದಂತಾಗುತ್ತದೆ. ರಕ್ತದ ಸಕ್ಕರೆ 100 ಮಿಲಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅಪಾಯದ ಸೂಚನೆ. ಬೆವರು, ನಡುಕ, ಎದೆಬಡಿತ, ಮಾತಿನ ತಡವರಿಕೆ, ಗೊಂದಲ ಇವೇ ಲಕ್ಷಣಗಳು. ಜಗಲಿಯಲ್ಲಿ ಕಂಡದ್ದು ನಿಶ್ಶಕ್ತಿಯಲ್ಲ, ಇದೇ. ಪ್ರಜ್ಞೆಯಿದ್ದು ನುಂಗಲು ಶಕ್ತರಾಗಿದ್ದರೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವ್ರತಕ್ಕೆ ಭಂಗ ಬಂದರೆ ಪ್ರಾಯಶ್ಚಿತ್ತಕ್ಕೆ ಶಾಸ್ತ್ರದಲ್ಲಿ ಮಾರ್ಗವಿದೆ. ಹೋದ ಪ್ರಾಣಕ್ಕೆ ಮಾರ್ಗವಿಲ್ಲ.

ಮತ್ತೆ ಕೆಲವರು ಜಾಗರೂಕರಾಗಿರತಕ್ಕದ್ದು. ಉಬ್ಬಸ, ಕೀಲುವಾತ ಮುಂತಾದವುಗಳಿಗೆ ಬಹುಕಾಲ ಸ್ಟೀರಾಯ್ಡ್ ಮಾತ್ರೆ ಸೇವಿಸುವವರಲ್ಲಿ ಸ್ವಂತ ಅಡ್ರಿನಲ್ ಗ್ರಂಥಿ ಮಂದವಾಗಿರುತ್ತದೆ. ಅವರು ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಪ್ರಾಣಾಪಾಯ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮೂತ್ರಪಿಂಡದ ರೋಗಿಗಳು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ವೃದ್ಧರು ನೀರಿಲ್ಲದ ಉಪವಾಸಕ್ಕೆ ಕೈಹಾಕಬಾರದು. ಇಂತಹವರು ಪರ್ವಕ್ಕೆ ಕೆಲವು ವಾರ ಮೊದಲೇ ವೈದ್ಯರನ್ನು ಕಂಡು, ಉಪವಾಸದ ಇಚ್ಛೆಯನ್ನು ಮುಚ್ಚಿಡದೆ ಹೇಳಿ, ಔಷಧದ ಅಳತೆ ಮತ್ತು ವೇಳೆಯನ್ನು ಕೇಳಿ ತಿಳಿಯಬೇಕು.

ಇನ್ಸುಲಿನ್ ಬಗ್ಗೆ ಒಂದು ಸಂಕೋಚ ಹಲವು ಮನೆಗಳಲ್ಲಿದೆ. ಹಿಂದೆ ಅದನ್ನು ದನ ಮತ್ತು ಹಂದಿಗಳ ಮೇದೋಜೀರಕದಿಂದ ತೆಗೆಯುತ್ತಿದ್ದುದು ನಿಜ. ಬ್ಯಾಕ್ಟೀರಿಯಗಳ ಮೂಲಕ ಮಾನವ ಇನ್ಸುಲಿನ್ ತಯಾರಿಸುವ ಕ್ರಮ 1978ರಲ್ಲಿ ಸಿದ್ಧಿಸಿ, 1982ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದು ಬಳಕೆಯಲ್ಲಿರುವುದರಲ್ಲಿ ಬಹುಭಾಗ ಬ್ಯಾಕ್ಟೀರಿಯ ಅಥವಾ ಯೀಸ್ಟಿನ ಮೂಲಕ ತಯಾರಾದದ್ದು. ಸೂಕ್ಷ್ಮಜೀವಿಗಳ ವಿಚಾರ ಉಳಿದಿದ್ದರೂ ಅದಕ್ಕಾಗಿ ಪಂಚೇಂದ್ರಿಯ ಪ್ರಾಣಿಯ ವಧೆ ನಡೆಯುವುದಿಲ್ಲ. ಈ ಸಂಕೋಚದಿಂದ ಔಷಧ ಬಿಡುವುದು ತರವಲ್ಲ.

ಹಾಗಾದರೆ ಅಶಕ್ತರಿಗೆ ಪರ್ವವೇ ಇಲ್ಲವೇ? ಇದೆ. ಷೋಡಶಕಾರಣ ಭಾವನೆಗಳಲ್ಲಿ 'ಶಕ್ತಿತಸ್ತಪ' ಎಂದರೆ ಶಕ್ತಿಗೆ ತಕ್ಕ ತಪಸ್ಸು ಸೇರಿದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇದಕ್ಕೆ ಮೆಟ್ಟಿಲುಗಳನ್ನೇ ಕಟ್ಟಿಕೊಟ್ಟಿದ್ದಾರೆ. ಉಪವಾಸಕ್ಕೆ ಅಸಮರ್ಥರಾದವರು ನೀರನ್ನು ಮಾತ್ರ ಇಟ್ಟುಕೊಳ್ಳುವ ಅನುಪವಾಸವನ್ನು ಮಾಡಬಹುದು. ಅದಕ್ಕೂ ಅಸಮರ್ಥರು ಆಚಾಮ್ಲ, ನಿರ್ವಿಕೃತಿ ಮೊದಲಾದ ಸರಳ ಆಹಾರದ ನಿಯಮಗಳನ್ನು ಹಿಡಿಯಬಹುದು. ಅಜ್ಜನು ವೈದ್ಯರನ್ನು ಕೇಳಿ, ಹೊತ್ತಿಗೆ ತಕ್ಕ ಮಿತಾಹಾರ ಸೇವಿಸಿ, ತುಪ್ಪ ಸಿಹಿಗಳಂತಹ ರಸಗಳನ್ನು ತ್ಯಜಿಸಿ, ಸ್ವಾಧ್ಯಾಯದಲ್ಲಿ ದಿನ ಕಳೆದಿದ್ದರೆ ಅದೂ ತಪಸ್ಸೇ ಆಗುತ್ತಿತ್ತು. ನೆರೆಮನೆಯವರು ಹತ್ತು ಉಪವಾಸ ಮಾಡಿದರೆಂದು ತಾನೂ ಹಟ ಹಿಡಿಯುವುದರಲ್ಲಿ ಮಾನಕಷಾಯವಿದೆಯಲ್ಲದೆ ತಪಸ್ಸಿಲ್ಲ.

ಪಾರಣೆಯ ವಿವೇಕ

ದಶಲಕ್ಷಣ ಪರ್ವದಲ್ಲಿ ಹಲವು ದಿನ ಸತತವಾಗಿ ಉಪವಾಸವಿದ್ದವರಿಗೆ ಪಾರಣೆಯೇ ಕಠಿಣ ಘಟ್ಟ. ದೀರ್ಘ ಅನಶನದ ನಂತರ ಒಮ್ಮೆಲೇ ಅನ್ನ, ಸಿಹಿಗಳನ್ನು ಉಂಡರೆ ಇನ್ಸುಲಿನ್ ಥಟ್ಟನೆ ಏರುತ್ತದೆ. ಅದು ಸಕ್ಕರೆಯೊಡನೆ ರಂಜಕ, ಪೊಟ್ಯಾಸಿಯಂ ಮುಂತಾದ ಲವಣಾಂಶಗಳನ್ನೂ ಜೀವಕೋಶಗಳೊಳಗೆ ಸೆಳೆಯುತ್ತದೆ. ರಕ್ತದಲ್ಲಿ ಅವು ಕುಸಿದು ಹೃದಯದ ಬಡಿತವೇ ತಪ್ಪಬಹುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಗೊಂಡ ಹಸಿದ ಬಂದಿಗಳಲ್ಲಿ ಕೆಲವರು ಊಟ ಸಿಕ್ಕ ಮೇಲೆ ಮರಣ ಹೊಂದಿದ್ದು ವೈದ್ಯರನ್ನು ಎಚ್ಚರಿಸಿತು. ತೆಳುವಾದ ಅಕ್ಕಿಯ ಗಂಜಿ, ಹೆಸರುಬೇಳೆಯ ಕಟ್ಟು ಇವುಗಳಿಂದ ಅಲ್ಪಾಲ್ಪವಾಗಿ ಆರಂಭಿಸಿ, ಹಲವು ದಿನಗಳಲ್ಲಿ ಪೂರ್ಣ ಊಟಕ್ಕೆ ಬರತಕ್ಕದ್ದು. ಬಂಧುಗಳು ಪ್ರೀತಿಯಿಂದ ತಂದ ಸಿಹಿಯನ್ನು ಅಂದು ಬದಿಗಿಡುವುದೂ ಸಂಯಮವೇ.

ಅಜ್ಜಿಯ ಉಪವಾಸ ಫಲಿಸಿದ್ದು ಅವರು ಅನ್ನವನ್ನು ಬಿಟ್ಟದ್ದರಿಂದ ಮಾತ್ರವಲ್ಲ. ತಮ್ಮ ಶಕ್ತಿಯನ್ನು ಅರಿತಿದ್ದರು, ಆರಂಭವನ್ನು ಬಿಟ್ಟಿದ್ದರು, ಕಷಾಯವನ್ನು ಕಾದಿದ್ದರು. ಮುಂದಿನ ಅಷ್ಟಮಿಗೆ ಮಗನು ಅಂಗಡಿಯ ಕೀಲಿಯನ್ನು ಗುಮಾಸ್ತನಿಗೊಪ್ಪಿಸಿ ತಾಯಿಯ ಬಳಿ ಸ್ವಾಧ್ಯಾಯಕ್ಕೆ ಕುಳಿತರೆ, ಅಜ್ಜನು ವೈದ್ಯರ ಮಾತು ಕೇಳಿ ಮಿತಾಹಾರದ ನಿಯಮ ಹಿಡಿದರೆ, ಆ ಮನೆಯಲ್ಲಿ ಮೂರೂ ನೋಂಪಿಗಳು ಸಾರ್ಥಕವಾದಾವು.

ಸ್ವಾಧ್ಯಾಯಕ್ಕಾಗಿ ಪ್ರಶ್ನೆಗಳು

1. ಪ್ರೋಷಧೋಪವಾಸದಲ್ಲಿ 'ಅನಾದರ'ವು ಅತಿಚಾರವಾಗುವುದೇಕೆ? ಹಸಿವಿಗೂ ಅದಕ್ಕೂ ಇರುವ ಸಂಬಂಧವೇನು?

2. ಉಪವಾಸದ ದಿನ ಇನ್ಸುಲಿನ್ ಇಳಿಯುವುದರಿಂದ ಆರೋಗ್ಯವಂತನಿಗಾಗುವ ಅನುಕೂಲವೇನು? ಔಷಧ ಸೇವಿಸುವ ಮಧುಮೇಹಿಗೆ ಅಪಾಯವೇನು?

3. ಮನೆಯಲ್ಲಿ ಔಷಧ ಸೇವಿಸುವ ಹಿರಿಯರು ಯಾರಿದ್ದಾರೆ? ಅವರ ಉಪವಾಸದ ವಿಚಾರವನ್ನು ವೈದ್ಯರಿಗೆ ತಿಳಿಸಲಾಗಿದೆಯೇ?